ಕೈ ಹಿಡಿದವರು ಬಿಡದಿದ್ದಾಗ

ಪುಸ್ತಕ ವಿಮರ್ಶೆ ಬರೆಯುವವರಿದ್ದಾರೆ, ಸಿನಿಮಾ ವಿಮರ್ಶೆ ಬರೆಯುವವರಿದ್ದಾರೆ. ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು, ಗಾಯಕರ ಶ್ರುತಿ ಎಲ್ಲಿ ಜಾರಿತೆಂದು ಮರುದಿನದ ಪತ್ರಿಕೆಯಲ್ಲಿ ತಿಳಿಸುವವರೂ ಇದ್ದಾರೆ. ಕರಾಟೆಗೆ ಮಾತ್ರ ವಿಮರ್ಶಕರಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಬಿಳಿ ಉಡುಪಿನ ಹುಡುಗಿಯರು ಸಾಲಾಗಿ ನಿಂತು ‘ಇಚಿ, ನಿ, ಸಾನ್’ ಎಂದು ಎಣಿಸುತ್ತ ಗಾಳಿಗೆ ಗುದ್ದುತ್ತಾರೆ. ಕೊನೆಗೊಬ್ಬಳು ಮಂಗಳೂರು ಹೆಂಚನ್ನು ಎರಡು ಹೋಳು ಮಾಡುತ್ತಾಳೆ. ಮುಖ್ಯ ಅತಿಥಿಗಳು ಎದ್ದುನಿಂತು ಚಪ್ಪಾಳೆ ತಟ್ಟಿ, ಇನ್ನು ನಮ್ಮ ಹೆಣ್ಣುಮಕ್ಕಳಿಗೆ ಭಯವಿಲ್ಲ ಎಂದು ಘೋಷಿಸಿಬಿಡುತ್ತಾರೆ. ಎರಡು ತುದಿಗಷ್ಟೇ ಆಸರೆ ಕೊಟ್ಟ ಹೆಂಚು ನಡುವಿನಲ್ಲಿ ಪೆಟ್ಟು ಬಿದ್ದರೆ ಸುಲಭವಾಗಿ ಮುರಿಯುತ್ತದೆ ಎಂದು ಹೇಳಬೇಕಾದ ವಿಜ್ಞಾನದ ಮೇಷ್ಟರು ಆ ಹೊತ್ತಿಗೆ ಊಟದ ವ್ಯವಸ್ಥೆಯಲ್ಲಿರುತ್ತಾರೆ.

ನಾನು ಕನ್ನಡ ಪಾಠ ಮಾಡುವವಳು. ಆ ಬಿಳಿ ಉಡುಪನ್ನು ಒಂದು ದಿನವೂ ತೊಟ್ಟವಳಲ್ಲ. ಆದರೆ ಹಾಡಲು ಬಾರದವರು ಶ್ರುತಿ ಜಾರಿದ್ದನ್ನು ಹಿಡಿಯಬಹುದಾದರೆ, ಹೊಡೆಯಲು ಬಾರದ ನಾನು ಇದನ್ನು ಯಾಕೆ ತೂಗಿನೋಡಬಾರದು? ಹಾಡು ಕೆಟ್ಟರೆ ಒಂದು ಸಂಜೆ ಹಾಳಾದೀತು. ಈ ವಿದ್ಯೆ ಕೈಕೊಟ್ಟರೆ ಅದರ ಬೆಲೆ ತೆರುವವಳು ಅದನ್ನು ನಂಬಿ ಹೊರಟ ಹುಡುಗಿ. 2012ರ ಡಿಸೆಂಬರಿನ ದೆಹಲಿ ಘಟನೆಯ ನಂತರ ಸಣ್ಣ ಊರುಗಳಲ್ಲೂ ಈ ತರಗತಿಗಳ ಬೋರ್ಡುಗಳು ತಲೆಯೆತ್ತಿವೆ. ನಮ್ಮೂರಿನ ಬಸ್‌ಸ್ಟ್ಯಾಂಡಿನಿಂದ ಮಾರುಕಟ್ಟೆಯವರೆಗೆ ನಡೆದರೆ ಕರಾಟೆ, ಟೇಕ್ವಾಂಡೋ, ಕ್ರಾವ್ ಮಾಗಾ ಮೂರೂ ಸಿಗುತ್ತವೆ. ಗೋಡೆಯ ಮೇಲೆ ಬ್ರೂಸ್ ಲೀ. ಎಲ್ಲ ಬೋರ್ಡಿನ ಕೊನೆಯ ಸಾಲೂ ಒಂದೇ: ‘ಮಹಿಳೆಯರ ಆತ್ಮರಕ್ಷಣೆಗೆ ಸೂಕ್ತ’. ಎಲ್ಲವೂ ಸೂಕ್ತವಾದರೆ ಆರಿಸುವುದು ಹೇಗೆ?

ಕೇಂದ್ರ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಹುಡುಗಿಯರ ಆತ್ಮರಕ್ಷಣೆಗೆಂದೇ ಮೂರು ತಿಂಗಳ ತರಬೇತಿ ಉಂಟು. ಅದಕ್ಕೆ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯ ಹೆಸರು. ಮೂರು ತಿಂಗಳಲ್ಲಿ ಕಿರುಪರೀಕ್ಷೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟಗಳನ್ನು ಕಳೆದರೆ ಉಳಿಯುವುದು ಎಷ್ಟೆಂದು ಶಾಲೆಯಲ್ಲಿ ಕೆಲಸ ಮಾಡುವವರಿಗೆ ಗೊತ್ತು. ನಮ್ಮಲ್ಲೂ ಒಂದು ವರ್ಷ ನಡೆಯಿತು. ಹುಡುಗಿಯರ ಜೊತೆ ಒಬ್ಬ ಶಿಕ್ಷಕಿ ಇರಲೇಬೇಕೆಂದು ನನ್ನನ್ನು ಜಗುಲಿಯಲ್ಲಿ ಕೂರಿಸಿದ್ದರು. ಉತ್ತರಪತ್ರಿಕೆ ತಿದ್ದುತ್ತ ನೋಡುತ್ತಿದ್ದೆ. ಕೈ ಬಿಡಿಸಿಕೊಳ್ಳುವ ಪಟ್ಟು ನಡೆಯುತ್ತಿತ್ತು. ಹಿಡಿದವನ ಹೆಬ್ಬೆರಳೂ ಬೆರಳುಗಳೂ ಕೂಡುವ ಸಂದಿಯ ಕಡೆಗೆ ನಮ್ಮ ಮುಂಗೈಯನ್ನು ತಿರುಗಿಸಿ ಎಳೆಯಬೇಕು. ಹಿಡಿತ ದುರ್ಬಲವಾಗಿರುವುದು ಅಲ್ಲೇ. ಲೆಕ್ಕ ಸರಿಯಾದದ್ದೇ. ಜೋಡಿ ಜೋಡಿಯಾಗಿ ನಿಂತ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು, ಸೀಟಿ ಊದಿದ ತಕ್ಷಣ ಬಿಡಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಎರಡು ಹೊತ್ತು ಹಾಲು ಕರೆದು ಬರುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹಿಡಿದಿದ್ದನ್ನು ಬಿಡಲಿಲ್ಲ. ಎದುರಿನವಳು ತಿರುಗಿಸಿದಳು, ಎಳೆದಳು, ಕೊನೆಗೆ ಅಳುಮೋರೆ ಮಾಡಿದಳು. ತರಬೇತಿ ಮೇಷ್ಟರು ಬಂದು ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ: “ಅಷ್ಟು ಗಟ್ಟಿಯಾಗಿ ಹಿಡೀಬಾರದಮ್ಮ, ಪ್ರಾಕ್ಟೀಸು ಹಾಳಾಗುತ್ತೆ.”

ನಿಜವಾಗಿ ನೋಡಿದರೆ ಆ ಸಂಜೆ ನಡೆದ ಪ್ರಾಕ್ಟೀಸು ಅದೊಂದೇ. ಯಾವ ಪುಂಡನೂ ಸೀಟಿ ಕೇಳಿ ಕೈ ಬಿಡುವುದಿಲ್ಲ. ಅಂದಿನಿಂದ ಯಾವ ವಿದ್ಯೆಯನ್ನು ನೋಡಿದರೂ ನಾನು ಮೊದಲು ಕೇಳುವುದು ಇದನ್ನೇ: ಹಿಡಿದವರು ಬಿಡದಿದ್ದಾಗ ಏನು ಮಾಡಬೇಕೆಂಬ ಅಭ್ಯಾಸ ಇಲ್ಲಿ ನಡೆಯುತ್ತದೆಯೇ? ಪಟ್ಟುಗಳ ಹೆಸರು, ಬೆಲ್ಟಿನ ಬಣ್ಣ, ಗುರುಪರಂಪರೆ ಎಲ್ಲ ಆಮೇಲೆ.

ಈ ಅಳತೆಗೋಲಿಗೆ ಕರಾಟೆಯನ್ನು ಹಿಡಿದರೆ ಅದರ ಚರಿತ್ರೆಯೇ ಸಾಕ್ಷಿ ಹೇಳುತ್ತದೆ. ಅದು ಹುಟ್ಟಿದ್ದು ಓಕಿನಾವಾ ದ್ವೀಪದಲ್ಲಿ. 1901–05ರ ಸುಮಾರಿಗೆ ಅದನ್ನು ಅಲ್ಲಿನ ಶಾಲೆಗಳಿಗೆ ತಂದವರು ಇತೊಸು ಅಂಕೊ. ಒಬ್ಬರಿಂದ ಒಬ್ಬರಿಗೆ ಗುಟ್ಟಾಗಿ ಸಾಗುತ್ತಿದ್ದ ವಿದ್ಯೆಯನ್ನು ನೂರು ಮಕ್ಕಳಿಗೆ ಒಟ್ಟಿಗೆ ಕಲಿಸಬೇಕಾದಾಗ ಏನಾಗುತ್ತದೋ ಅದೇ ಆಯಿತು. ಸಾಲಾಗಿ ನಿಲ್ಲುವುದು, ಎಣಿಕೆಗೆ ಸರಿಯಾಗಿ ಹೆಜ್ಜೆ ಹಾಕುವುದು. ಮಕ್ಕಳಿಗಾಗಿ ಅವರು ರೂಪಿಸಿದ ‘ಪಿನಾನ್’ ಎಂಬ ಐದು ಸರಳ ಕಾಟಾಗಳೇ ಹೆಸರು ಬದಲಿಸಿಕೊಂಡು, ನಮ್ಮ ಮಕ್ಕಳು ಬಿಳಿ ಬೆಲ್ಟಿನಲ್ಲಿ ಕಲಿಯುವ ‘ಹೇಯಾನ್’ಗಳಾಗಿವೆ. ಅವರ ಶಿಷ್ಯ ಫುನಾಕೋಶಿ 1922ರಲ್ಲಿ ಟೋಕಿಯೋದಲ್ಲಿ ಪ್ರದರ್ಶನ ಕೊಟ್ಟ ಮೇಲೆ ಅದು ಜಪಾನಿನ ಒಳನಾಡಿಗೆ, ಅಲ್ಲಿಂದ ಲೋಕಕ್ಕೆ ಹಬ್ಬಿತು. ಅಂದರೆ ನಮ್ಮ ಶಾಲೆಯ ಅಂಗಳಕ್ಕೆ ಬಂದಿರುವುದು ಇನ್ನೊಂದು ಶಾಲೆಯ ಅಂಗಳದ ಡ್ರಿಲ್ಲೇ. ಡ್ರಿಲ್ ಕೆಟ್ಟದ್ದೆಂದಲ್ಲ. ಬೆನ್ನು ನೆಟ್ಟಗಾಗುತ್ತದೆ, ಉಸಿರು ಹಿಡಿತಕ್ಕೆ ಬರುತ್ತದೆ. ಅದನ್ನು ಆತ್ಮರಕ್ಷಣೆ ಎಂದು ಕರೆದು ಹುಡುಗಿಯ ಕೈಗೆ ಪ್ರಮಾಣಪತ್ರ ಕೊಡುವಾಗ ಮಾತ್ರ ನನಗೆ ಭಯವಾಗುತ್ತದೆ. ಇದರಲ್ಲೂ ಮೈಗೆ ತಾಗುವಂತೆ ಹೊಡೆದಾಡಿಸುವ ಶಾಖೆಗಳುಂಟು. ಮಾಸ್ ಒಯಾಮ ಕಟ್ಟಿದ ಕ್ಯೊಕುಶಿನ್ ಅಂಥದ್ದು. ಆದ್ದರಿಂದ ಕರಾಟೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ ಪ್ರಯೋಜನವಿಲ್ಲ. ಯಾವ ಮೇಷ್ಟರ ಕರಾಟೆ ಎಂದು ಕೇಳಬೇಕು.

ಕರಾಟೆ ತರಗತಿಯಲ್ಲಿ ನನಗೆ ಮನಸಾರೆ ಮೆಚ್ಚುಗೆಯಾದದ್ದು ಒಂದಿದೆ: ಆ ಕೂಗು. ಹೊಡೆಯುವಾಗ ಹೊಟ್ಟೆಯಾಳದಿಂದ ಹೊರಡುವ ‘ಕಿಯಾಯ್’. ‘ಮೆಲ್ಲಗೆ ಮಾತಾಡು’, ‘ಹೆಣ್ಣುಮಕ್ಕಳ ದನಿ ಪಕ್ಕದ ಮನೆಗೆ ಕೇಳಬಾರದು’ ಎಂದು ಹೇಳಿಸಿಕೊಂಡೇ ಬೆಳೆದ ಹುಡುಗಿಯರವರು. ತರಬೇತಿಯ ಮೊದಲ ದಿನ ಮೇಷ್ಟರು ಕೂಗಿ ಎಂದರೆ ನಲವತ್ತು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಎರಡನೇ ತಿಂಗಳ ಹೊತ್ತಿಗೆ, ಆಚೆ ಕಟ್ಟಡದಲ್ಲಿದ್ದ ಗಣಿತದ ಮೇಷ್ಟರು ‘ತೊಂದರೆಯಾಗುತ್ತಿದೆ’ ಎಂದು ಹೇಳಿಕಳಿಸುವಷ್ಟು ದನಿ ಬಂದಿತ್ತು. ಮೂರು ತಿಂಗಳಿಗೆ ಕೊಟ್ಟ ಹಣದಲ್ಲಿ ಅಷ್ಟಂತೂ ವಸೂಲಾಯಿತು ಎಂದುಕೊಂಡೆ.

ಬಿಡದವರ ಜೊತೆ ಅಭ್ಯಾಸ ಮಾಡಬೇಕೆಂಬುದನ್ನು ಒಂದು ಪದ್ಧತಿಯನ್ನಾಗಿ ಕಟ್ಟಿದವರು ಜಿಗೊರೊ ಕಾನೊ. ವೃತ್ತಿಯಿಂದ ಇವರು ನಮ್ಮವರೇ. ಟೋಕಿಯೋದಲ್ಲಿ ಉಪಾಧ್ಯಾಯರನ್ನು ತಯಾರು ಮಾಡುವ ಹೈಯರ್ ನಾರ್ಮಲ್ ಸ್ಕೂಲಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಮುಖ್ಯಸ್ಥರಾಗಿದ್ದರು. ಹುಟ್ಟಿದ್ದು 1860ರಲ್ಲಿ. ಸಣ್ಣ ಆಳು, ಶಾಲೆಯಲ್ಲಿ ದೊಡ್ಡ ಹುಡುಗರ ಕೈಯಲ್ಲಿ ಪೆಟ್ಟು ತಿಂದು ಜುಜುತ್ಸು ಕಲಿಯಲು ಹೊರಟವರು. ಹಳೆಯ ಜುಜುತ್ಸುವಿನಲ್ಲಿ ಮೂಳೆ ಮುರಿಯುವ, ಕಣ್ಣು ತಿವಿಯುವ ಪಟ್ಟುಗಳು ಬೇಕಾದಷ್ಟಿದ್ದವು. ತೊಂದರೆಯೆಂದರೆ, ಅವುಗಳನ್ನು ಜೊತೆಗಾರನ ಮೇಲೆ ನಿಜವಾಗಿ ಪ್ರಯೋಗಿಸಿದರೆ ನಾಳೆ ಅಭ್ಯಾಸಕ್ಕೆ ಜೊತೆಗಾರನೇ ಇರುವುದಿಲ್ಲ. ಹಾಗಾಗಿ ಅವು ಅಭಿನಯವಾಗಿಯೇ ಉಳಿಯಬೇಕಿತ್ತು. 1882ರಲ್ಲಿ ಕಾನೊ ಒಂದು ದೇವಾಲಯದಲ್ಲಿ ಹನ್ನೆರಡು ಚಾಪೆಯಷ್ಟು ಜಾಗದಲ್ಲಿ ಕೊಡೊಕಾನ್ ಆರಂಭಿಸಿದಾಗ ಮಾಡಿದ ಜಾಣತನ ಇಷ್ಟೇ. ಅಪಾಯದ ಪಟ್ಟುಗಳನ್ನು ಪಕ್ಕಕ್ಕಿಟ್ಟರು. ಉಳಿದವನ್ನು, ಅಂದರೆ ಎತ್ತಿಹಾಕುವುದು, ಅದುಮಿ ಹಿಡಿಯುವುದು ಇಂಥವನ್ನು, ಪೂರ್ತಿ ಬಲ ಹಾಕಿ ಎದುರಿಸುವ ಜೊತೆಗಾರನ ಮೇಲೆ ದಿನವೂ ಪ್ರಯೋಗಿಸಲು ಹೇಳಿದರು. ಇದಕ್ಕೆ ‘ರಂದೋರಿ’ ಎಂದು ಹೆಸರು. ಹೆಚ್ಚು ಘೋರವಾದ ವಿದ್ಯೆಗಿಂತ ಕಡಿಮೆ ಘೋರವಾದದ್ದು ಕೈಗೆ ಹೆಚ್ಚು ಹತ್ತಿತು. ‘ನಮ್ಮ ಪಟ್ಟು ಬಹಳ ಅಪಾಯ, ಆದ್ದರಿಂದ ಜೋಡಿಯಲ್ಲಿ ಆಡಿಸುವುದಿಲ್ಲ’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೆ ಈಗ ಕಾನೊ ನೆನಪಾಗುತ್ತಾರೆ.

ಆದರೆ ಈ ಕತೆಯಲ್ಲೂ ಹೆಂಗಸರ ಪಾಲಿಗೆ ಒಂದು ಕೊಕ್ಕೆಯಿದೆ. ಕಾನೊ ಹೆಂಗಸರಿಗೂ ಕಲಿಸಿದರು. 1926ರಲ್ಲಿ ಕೊಡೊಕಾನಿನಲ್ಲಿ ಮಹಿಳಾ ವಿಭಾಗವೂ ತೆರೆಯಿತು. ಹೆಂಗಸರಿಗೆ ಒತ್ತುಕೊಟ್ಟು ಕಲಿಸಿದ್ದು ಮಾತ್ರ ಕಾಟಾ, ಅಂದರೆ ಮೊದಲೇ ಗೊತ್ತುಮಾಡಿದ ಅಂದವಾದ ಚಲನೆಗಳನ್ನು. ಸ್ಪರ್ಧೆ ಅವರಿಗಲ್ಲ. ಕಾನೊ ಅವರ ಗುರುವಿನ ಮೊಮ್ಮಗಳು ಕೆಯಿಕೊ ಫುಕುದಾ ಆ ವಿಭಾಗದಲ್ಲಿ ಕಲಿತು, ಹೆಂಗಸರಿಗೆ ಐದನೇ ದಾನ್‌ಗಿಂತ ಮೇಲೆ ಕೊಡುವುದಿಲ್ಲವೆಂಬ ನಿಯಮದಿಂದಾಗಿ ದಶಕಗಳ ಕಾಲ ಅಲ್ಲೇ ನಿಂತರು. ಅಮೆರಿಕದ ಜೂಡೋ ಸಂಸ್ಥೆ ಅವರಿಗೆ ಹತ್ತನೇ ದಾನ್ ಕೊಟ್ಟದ್ದು 2011ರಲ್ಲಿ, ಅವರಿಗೆ 98 ವರ್ಷವಾದಾಗ. ನ್ಯೂಯಾರ್ಕಿನ ರಸ್ಟಿ ಕನೊಕೋಗಿ 1959ರಲ್ಲಿ ಗಂಡಸಿನಂತೆ ಕಾಣುವ ಹಾಗೆ ಎದೆಗೆ ಬಟ್ಟೆ ಬಿಗಿದುಕೊಂಡು ಪಂದ್ಯಕ್ಕಿಳಿದು ಗೆದ್ದರು. ಹೆಣ್ಣೆಂದು ತಿಳಿದ ಕೂಡಲೇ ಪದಕ ಹಿಂದಕ್ಕೆ ಪಡೆದರು. ಆಕೆಯೇ ಮುಂದೆ 1980ರಲ್ಲಿ ಮಹಿಳೆಯರ ಮೊದಲ ವಿಶ್ವ ಜೂಡೋ ಸ್ಪರ್ಧೆಯನ್ನು ಹಠ ಹಿಡಿದು ನಡೆಸಿದವರು. ಗಂಡಸರಿಗೆ ನಿಜದ ಸೆಣಸಾಟ, ಹೆಂಗಸರಿಗೆ ನೋಡಲು ಚೆಂದದ ಚಲನೆ. ಈ ವಿಂಗಡಣೆ ನಮ್ಮ ವಾರ್ಷಿಕೋತ್ಸವದ ವೇದಿಕೆಯ ಮೇಲೂ ಕಾಣುವುದಿಲ್ಲವೇ? ಹುಡುಗರು ಮೈದಾನದಲ್ಲಿ ಕಬಡ್ಡಿಯಾಡಿ ಮೊಣಕಾಲು ಕೆತ್ತಿಸಿಕೊಳ್ಳುತ್ತಿರುತ್ತಾರೆ. ಹುಡುಗಿಯರು ಧ್ವನಿವರ್ಧಕದ ಸಂಗೀತಕ್ಕೆ ಕಾಟಾ ಮಾಡುತ್ತಿರುತ್ತಾರೆ. ಎದುರಾಳಿಯ ಹಿಡಿತದಿಂದ ಕೊಸರಿಕೊಂಡು ಗೆರೆ ಮುಟ್ಟುವ ಅಭ್ಯಾಸ ಯಾರಿಗೆ ಆಗುತ್ತಿದೆ ಎಂದು ನೀವೇ ಹೇಳಿ. ಕಬಡ್ಡಿಯನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಶಾಲೆಯಲ್ಲಿ ಖರ್ಚಿಲ್ಲದೆ ಸಿಗುವ ನಿಜವಾದ ಸೆಣಸಾಟ ಅದೇ.

ಹೆಂಗಸರು ಈ ವಿದ್ಯೆಯನ್ನು ಬೀದಿಯಲ್ಲಿ ಬಳಸಿದ ಉದಾಹರಣೆ ಚರಿತ್ರೆಯಲ್ಲಿದೆ. ಇಂಗ್ಲೆಂಡಿನ ಮತದಾನದ ಹಕ್ಕಿನ ಹೋರಾಟಗಾರ್ತಿಯರಿಗೆ ಜುಜುತ್ಸು ಕಲಿಸಿದ ಎಡಿತ್ ಗ್ಯಾರಡ್ ಎತ್ತರ ನಾಲ್ಕಡಿ ಹನ್ನೊಂದಂಗುಲ. ಜೈಲಿನಲ್ಲಿ ಉಪವಾಸ ಮಾಡಿ ಕೃಶರಾದವರನ್ನು ಬಿಟ್ಟು, ಸುಧಾರಿಸಿಕೊಂಡ ಮೇಲೆ ಮತ್ತೆ ಹಿಡಿಯುವ ಕಾನೂನು 1913ರಲ್ಲಿ ಬಂತು. ಆಗ ನಾಯಕಿ ಎಮ್ಮಲಿನ್ ಪ್ಯಾಂಕ್‌ಹರ್ಸ್ಟ್ ಅವರನ್ನು ಪೊಲೀಸರಿಂದ ಕಾಯಲು ಸುಮಾರು 30 ಹೆಂಗಸರ ಒಂದು ಕಾವಲು ಪಡೆ ಹುಟ್ಟಿತು. ಗ್ಯಾರಡ್ ಅವರಿಗೆ ಗುಟ್ಟಾಗಿ ಪಾಠ ಹೇಳಿದರು. ಅವರು ಉದ್ದ ಲಂಗದೊಳಗೆ ಬಚ್ಚಿಟ್ಟುಕೊಂಡು ಹೋಗುತ್ತಿದ್ದ ಮರದ ಗದೆಗಳಿಗೆ ಅಲ್ಲಿ ‘ಇಂಡಿಯನ್ ಕ್ಲಬ್’ ಎಂದೇ ಹೆಸರು. ನಮ್ಮ ಗರಡಿಮನೆಯ ಮುದ್ಗರದ ತಂಗಿಯಂಥವು! ಈ ಹೆಂಗಸರ ಗುರಿ ಪೊಲೀಸರನ್ನು ಸೋಲಿಸುವುದಾಗಿರಲಿಲ್ಲ. ಅಷ್ಟು ಮಂದಿ ಪೊಲೀಸರನ್ನು ಸೋಲಿಸಲು ಸಾಧ್ಯವೂ ಇರಲಿಲ್ಲ. ನಾಯಕಿ ಹಿಂಬಾಗಿಲಿನಿಂದ ಹೋಗಿ ಗಾಡಿ ಹತ್ತುವಷ್ಟು ಹೊತ್ತು ಹಿಡಿತವನ್ನು ಸಡಿಲಿಸಬೇಕು, ಅಷ್ಟೆ. ಆತ್ಮರಕ್ಷಣೆಗೆ ಇದಕ್ಕಿಂತ ಸ್ಪಷ್ಟವಾದ ಗುರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಉಳಿದವುಗಳ ಕಡೆಗೊಮ್ಮೆ ಹೋಗೋಣ. ಕಳರಿಪಯಟ್ಟಿನ ಬಗ್ಗೆ ನನಗೆ ಅಪಾರ ಗೌರವ. ವಡಗರದ ಮೀನಾಕ್ಷಿ ಅಮ್ಮ ಎಪ್ಪತ್ತು ದಾಟಿದ ಮೇಲೂ ಸೀರೆಯಲ್ಲೇ ಕತ್ತಿ ಹಿಡಿದು ಅಂಕಕ್ಕಿಳಿಯುವುದನ್ನು ಟಿ.ವಿ.ಯಲ್ಲಿ ನೋಡಿ ಕೈ ಮುಗಿದಿದ್ದೇನೆ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಆ ವಿದ್ಯೆಯ ಕ್ರಮ ನೋಡಿ: ಮೊದಲು ಮೈ ಪಳಗಿಸುವ ಮೆಯ್ತಾರಿ, ಆಮೇಲೆ ಕೋಲು, ಆಮೇಲೆ ಕತ್ತಿ ಗುರಾಣಿ. ಬರಿಗೈ ಕಾಳಗ, ‘ವೆರುಂಕೈ’, ಬರುವುದು ಕೊನೆಯಲ್ಲಿ. ಅಷ್ಟು ದೂರ ಹೋಗುವುದಕ್ಕೆ ವರ್ಷಗಳೇ ಬೇಕು. ಮೂರು ತಿಂಗಳ ತರಬೇತಿಯಲ್ಲಿ ಸಿಗುವುದು ಸೊಂಟ ಬಳುಕುವ ಮೆಯ್ತಾರಿಯಷ್ಟೆ. ಅದು ಒಂದು ಸಂಸ್ಕೃತಿ, ಒಂದು ಜೀವನ, ಹಾಗೆಂದೇ ಕಲಿಯಬೇಕು.

ಟೇಕ್ವಾಂಡೋ ಕಾಲಿನ ವಿದ್ಯೆ. ತಲೆಯ ಎತ್ತರಕ್ಕೆ ಒದೆಯುವುದನ್ನು ನೋಡಲು ಚೆಂದ. ಸೀರೆಯುಟ್ಟು, ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದು ಅದನ್ನು ಮಾಡುವುದು ಹೇಗೆಂದು ಯಾರೂ ತೋರಿಸಿಲ್ಲ. ಐಕಿದೋದಲ್ಲಿ ಎದುರಾಳಿ ಎಷ್ಟು ಸಜ್ಜನನೆಂದರೆ ತಾನೇ ಉರುಳಿ ಸಹಕರಿಸುತ್ತಾನೆ. ಕ್ರಾವ್ ಮಾಗಾವನ್ನು ರೂಪಿಸಿದ ಇಮಿ ಲಿಖ್ಟೆನ್‌ಫೆಲ್ಡ್ ಕುಸ್ತಿ, ಬಾಕ್ಸಿಂಗ್ ಎರಡನ್ನೂ ನಿಜವಾಗಿ ಆಡಿ ಬಲ್ಲವರು. ಕಲಿಸುವುದು ಮರ್ಮಕ್ಕೆ ಹೊಡೆದು ಓಡು ಎಂಬ ನೇರ ಪಾಠ. ಆದರೆ ವಾರಾಂತ್ಯದ ಎರಡು ದಿನದ ಶಿಬಿರದಲ್ಲಿ, ತೊಡೆಸಂದಿಗೆ ಒದ್ದಂತೆ ನಟಿಸಿದರೆ ಬಿದ್ದಂತೆ ನಟಿಸುವ ಜೊತೆಗಾರನ ಎದುರು ಕಲಿತರೆ, ಮತ್ತೆ ಬಂದು ನಿಲ್ಲುವುದು ನಮ್ಮ ಸೀಟಿಯ ಹತ್ತಿರವೇ.

ನನ್ನ ಅಳತೆಗೋಲಿಗೆ ಎತ್ತರವಾಗಿ ನಿಂತವು ಆತ್ಮರಕ್ಷಣೆಯ ಬೋರ್ಡನ್ನೇ ಹಾಕಿಕೊಳ್ಳದವು: ಕುಸ್ತಿ, ಜೂಡೋ, ಬಾಕ್ಸಿಂಗ್. ಇವುಗಳಲ್ಲಿ ಎದುರಾಳಿ ಪ್ರತಿದಿನ ನಿಜವಾಗಿ ಎದುರಾಳಿ. ಪೆಟ್ಟು ಬಿದ್ದರೆ ಹೇಗಿರುತ್ತದೆಂದು ಬಾಕ್ಸಿಂಗ್ ಕಲಿತ ಹುಡುಗಿಗೆ ಗೊತ್ತಿರುತ್ತದೆ. ಜೀವನದಲ್ಲಿ ಒಮ್ಮೆಯೂ ಪೆಟ್ಟು ತಿನ್ನದವಳು ಮೊದಲ ಪೆಟ್ಟಿಗೇ ದಿಗಿಲುಗೊಂಡು ನಿಂತುಬಿಡುವುದುಂಟು. ಹಳಿಯಾಳ, ಗದಗದ ಕಡೆ ಹುಡುಗಿಯರು ಕುಸ್ತಿಗಿಳಿದಿದ್ದಾರೆ. ಹೆಣ್ಣಿನ ನೆರಳೂ ಬೀಳಬಾರದೆಂದಿದ್ದ ಗರಡಿಗಳ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಜೂಡೋದ ಕವಲಾದ ಬ್ರೆಜಿಲಿನ ಜಿಯು-ಜಿತ್ಸುವನ್ನೂ ಇಲ್ಲಿ ಸೇರಿಸಬೇಕು. ಕೆಳಗೆ ಬಿದ್ದು, ಮೇಲೆ ಭಾರದ ಆಳು ಕೂತಿರುವಾಗ ಏನು ಮಾಡಬೇಕೆಂಬುದೇ ಅದರ ಮುಖ್ಯ ಪಾಠ. ಕಾಲುಗಳಿಂದ ಅವನನ್ನು ದೂರ ತಳ್ಳುವುದು, ಸೊಂಟವನ್ನು ಪಕ್ಕಕ್ಕೆ ಜಾರಿಸಿ ಎದ್ದೇಳುವುದು. ಹೆಣ್ಣಿಗೆ ಅತ್ಯಂತ ಭಯದ ಸ್ಥಿತಿ ಯಾವುದೋ ಅಲ್ಲಿಂದಲೇ ಪಾಠ ಶುರು. ಬೆಂಗಳೂರಿನಂಥ ನಗರದಲ್ಲಿ ಇದು ಸಿಗುತ್ತದೆ. ನಮ್ಮಂಥ ಊರಿಗೆ ಬರಲು ಕಾಲ ಬೇಕು. ಬಂದರೂ, ಗಂಡು ಮೇಷ್ಟರೊಬ್ಬರು ಚಾಪೆಯ ಮೇಲೆ ಅದನ್ನು ಹುಡುಗಿಗೆ ಕಲಿಸುವುದನ್ನು ಯಾವ ತಾಯಿ ಒಪ್ಪಿಯಾಳು? ಕಲಿಸುವ ಹೆಂಗಸರು ಬೇಕು ಎಂಬುದು ಈ ಇಡೀ ವ್ಯವಹಾರದ ದೊಡ್ಡ ಕೊರತೆ.

ಇಷ್ಟಾದ ಮೇಲೂ ಒಂದು ಚಿತ್ರ ನನ್ನನ್ನು ಕಾಡುತ್ತದೆ. 2023ರ ಜನವರಿಯಲ್ಲಿ, ಮತ್ತೆ ಏಪ್ರಿಲಿನಲ್ಲಿ, ದೆಹಲಿಯ ಜಂತರ್ ಮಂತರ್‌ನಲ್ಲಿ ಬೀದಿಯ ಮೇಲೆ ಕೂತಿದ್ದವರು ಯಾರು? 2016ರ ರಿಯೋ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಸಾಕ್ಷಿ ಮಲಿಕ್, ವಿಶ್ವಮಟ್ಟದ ಕುಸ್ತಿಪಟು ವಿನೇಶ್ ಫೋಗಾಟ್. ಕುಸ್ತಿ ಒಕ್ಕೂಟದ ಆಗಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ನ್ಯಾಯ ಕೇಳುತ್ತಿದ್ದರು. ಆ ಅಧ್ಯಕ್ಷರು ಆರೋಪವನ್ನು ಅಲ್ಲಗಳೆದಿದ್ದಾರೆ. 2024ರಲ್ಲಿ ದೆಹಲಿಯ ನ್ಯಾಯಾಲಯ ದೋಷಾರೋಪ ಹೊರಿಸಿತು. ತೀರ್ಪು ಹೇಳುವುದು ನನ್ನ ಕೆಲಸವಲ್ಲ. ನನ್ನ ಪ್ರಶ್ನೆ ಬೇರೆ. ಈ ದೇಶದಲ್ಲಿ ಹಿಡಿತ ಬಿಡಿಸಿಕೊಳ್ಳುವುದರಲ್ಲಿ ಇವರಿಗಿಂತ ಮಿಗಿಲಾದ ಹೆಣ್ಣುಮಕ್ಕಳನ್ನು ಎಲ್ಲಿಂದ ತರುವುದು? ಅವರಿಗೇ ಬೀದಿಗೆ ಬರಬೇಕಾಯಿತೆಂದರೆ, ಎಲ್ಲ ಹಿಡಿತಗಳೂ ಮುಂಗೈಯಲ್ಲಿರುವುದಿಲ್ಲ ಎಂದಾಯಿತು. ತಂಡಕ್ಕೆ ಆಯ್ಕೆ ಮಾಡುವವನ, ಅಂಕ ಹಾಕುವವನ, ಸಂಬಳದ ಬಿಲ್ಲಿಗೆ ರುಜು ಹಾಕುವವನ ಕೈಗೆ ಯಾವ ಪಟ್ಟು?

ಬೋರ್ಡುಗಳಲ್ಲಿ ಬರೆದಿರುವ ಚಿತ್ರ ಯಾವಾಗಲೂ ಒಂದೇ: ಕತ್ತಲ ಬೀದಿ, ಮುಸುಕಿನ ಅಪರಿಚಿತ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ವರ್ಷ ವರ್ಷವೂ ಹೇಳುವುದು ಬೇರೆ. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚರಲ್ಲಿ ಆರೋಪಿ ಆಕೆಗೆ ಗೊತ್ತಿರುವವನೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಮದುವೆಯಾದ ಹೆಂಗಸರು ಕರ್ನಾಟಕದಲ್ಲಿ ನೂರಕ್ಕೆ 44. ನಮ್ಮ ಭಾಷೆಯಲ್ಲಿ ಗಂಡನಿಗೆ ‘ಕೈ ಹಿಡಿದವರು’ ಎನ್ನುತ್ತೇವೆ. ಆ ಕೈ ತಿರುಚಿದರೆ ಬಿಡಿಸಿಕೊಂಡು ಓಡುವುದಾದರೂ ಎಲ್ಲಿಗೆ? ಮನೆಯಿಂದ ಮನೆಗೇ? ಚಿಕ್ಕಪ್ಪನ, ಟ್ಯೂಷನ್ ಮೇಷ್ಟರ, ಪಕ್ಕದ ಮನೆಯ ಅಣ್ಣನ ಮೂಗಿಗೆ ಗುದ್ದಲು ಹದಿಮೂರರ ಹುಡುಗಿಗೆ ಬೇಕಾದದ್ದು ತೋಳಿನ ಬಲವೊಂದೇ ಅಲ್ಲ. ಮನೆಯಲ್ಲಿ ತನ್ನ ಮಾತನ್ನು ನಂಬುತ್ತಾರೆಂಬ ಧೈರ್ಯವೂ ಬೇಕು. ಯಾವ ಬೆಲ್ಟಿನ ಪರೀಕ್ಷೆಯಲ್ಲೂ ಅದು ಬರುವುದಿಲ್ಲ.

ಇದನ್ನು ಲೆಕ್ಕಕ್ಕಿಟ್ಟುಕೊಂಡೇ ಪಾಠ ರೂಪಿಸಿದವರು ಕೆನಡಾದ ಶಾರ್ಲೀನ್ ಸೆನ್ ಮತ್ತು ಅವರ ಜೊತೆಯವರು. 2015ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅವರ ಅಧ್ಯಯನದಲ್ಲಿ ಮೂರು ವಿಶ್ವವಿದ್ಯಾಲಯಗಳ ಸುಮಾರು 900 ವಿದ್ಯಾರ್ಥಿನಿಯರಿದ್ದರು. ಅರ್ಧದಷ್ಟು ಜನರಿಗೆ 12 ಗಂಟೆಯ ಪಾಠ, ಉಳಿದವರಿಗೆ ಮಾಹಿತಿ ಪತ್ರಗಳು ಮಾತ್ರ. ಒಂದು ವರ್ಷದ ನಂತರ ನೋಡಿದರೆ, ಪತ್ರ ಪಡೆದವರಲ್ಲಿ ನೂರಕ್ಕೆ 9.8 ಮಂದಿ ಅತ್ಯಾಚಾರಕ್ಕೆ ಒಳಗಾಗಿದ್ದರು. ಪಾಠ ಕೇಳಿದವರಲ್ಲಿ 5.2. ಆ 12 ಗಂಟೆಯಲ್ಲಿ ಹೊಡೆದಾಟದ ಭಾಗ ತೀರಾ ಸ್ವಲ್ಪ. ಉಳಿದದ್ದೆಲ್ಲ, ಪರಿಚಿತನ ನಡೆಯಲ್ಲಿ ಅಪಾಯದ ವಾಸನೆ ಹಿಡಿಯುವುದು, ‘ಪಾಪ, ಬೇಜಾರು ಮಾಡಿಕೊಂಡಾನು’ ಎಂಬ ಸಂಕೋಚವನ್ನು ಮುರಿಯುವುದು, ‘ಬೇಡ’ ಎಂಬುದನ್ನು ಬಾಯಿಬಿಟ್ಟು ಹೇಳುವುದು. ಕೆನಡಾದ ಹುಡುಗಿಯರಿಗೂ ‘ಬೇಜಾರು ಮಾಡಿಕೊಂಡಾನು’ ಎನ್ನುವ ಕಾಯಿಲೆ ಇದೆಯೆಂದು ಓದಿ ನನಗೆ ಒಂದು ಬಗೆಯ ಸಮಾಧಾನವಾಯಿತು.

ಓಬವ್ವನ ವಿಷಯ ಎತ್ತದೆ ಈ ಬರಹ ಮುಗಿಸಿದರೆ ನನ್ನ ವಿದ್ಯಾರ್ಥಿನಿಯರು ಒಪ್ಪುವುದಿಲ್ಲ. ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರನ್ನು ನೋಡಿದ ನಮ್ಮ ತಲೆಮಾರಿಗೆ ಓಬವ್ವನೆಂದರೆ ಅದೇ ಮುಖ. ನಾನು ಅವಳನ್ನೂ ವಿಮರ್ಶಕಿಯ ಕಣ್ಣಿನಿಂದ ನೋಡುತ್ತೇನೆ. ಕೈಯಲ್ಲಿದ್ದದ್ದು ಒನಕೆ, ದಿನವೂ ಭತ್ತ ಕುಟ್ಟಿ ಪಳಗಿದ ಕೈ, ತೂಕ ಗೊತ್ತಿದ್ದ ಸಾಧನ. ನಿಂತದ್ದು ಒಬ್ಬೊಬ್ಬನೇ ತಲೆ ತೂರಿಸಬೇಕಾದ ಕಿಂಡಿಯ ಪಕ್ಕದಲ್ಲಿ. ಹೈದರಾಲಿಯ ಸೈನಿಕರಿಗೆ ಅವಳಿರುವುದೇ ಗೊತ್ತಿಲ್ಲ. ಪಳಗಿದ ಸಾಧನ, ಇಕ್ಕಟ್ಟಾದ ಜಾಗ, ಅನಿರೀಕ್ಷಿತ ಪೆಟ್ಟು: ಮೂರೂ ಅವಳ ಕಡೆಗಿದ್ದವು. ಅವಳ ಹೆಸರಿಟ್ಟು ಮಾಡುವ ತರಬೇತಿಗಳಲ್ಲಿ ಧೈರ್ಯದ ಮಾತು ಬರುತ್ತದೆ, ಈ ಮೂರರ ಮಾತು ಬರುವುದಿಲ್ಲ. ಬಸ್ಸಿನ ನೂಕುನುಗ್ಗಲಿನಲ್ಲಿ ಬೆರಳ ಸಂದಿಯಲ್ಲಿ ಸೇಫ್ಟಿ ಪಿನ್ನು ಹಿಡಿದು ನಿಂತ ನಮ್ಮಂಥವರು ಓಬವ್ವನ ನಿಜವಾದ ಶಿಷ್ಯೆಯರು ಎಂದರೆ ನಗಬೇಡಿ. ನನ್ನ ಕಾಲೇಜಿನ ದಿನಗಳಲ್ಲಿ ನಾವು ಐದು ಜನ ಗೆಳತಿಯರ ಪಠ್ಯಕ್ರಮ ಅಷ್ಟೇ ಇತ್ತು. ಅದಕ್ಕೆ ಸಿಕ್ಕ ಫಲಿತಾಂಶವನ್ನು ಹಿಂದಿನ ಸೀಟಿನಿಂದ ಬಂದ ‘ಅಯ್ಯೋ’ಗಳಲ್ಲಿ ಎಣಿಸಬಹುದಿತ್ತು.

ತಿರುಗಿ ಹೊಡೆದರೆ ಕೇಸು ನಮ್ಮ ಮೇಲೇ ಬಂದೀತೇ ಎಂದು ತಾಯಂದಿರು ಕೇಳುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕಿನವು. ಹಳೆಯ ದಂಡಸಂಹಿತೆಯಲ್ಲೂ ಇದ್ದವೇ. ಅತ್ಯಾಚಾರದ ಉದ್ದೇಶದ ಹಲ್ಲೆ, ಅಪಹರಣದ ಉದ್ದೇಶದ ಹಲ್ಲೆ, ಆಸಿಡ್ ದಾಳಿ ಇಂಥ ಸಂದರ್ಭಗಳಲ್ಲಿ ಎದುರಿನವನು ಸತ್ತರೂ ಆ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎನ್ನುತ್ತದೆ 38ನೇ ಕಲಮು. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಮಿತಿಯೂ ಉಂಟು: ಅವನು ಓಡತೊಡಗಿದ ಮೇಲೆ ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ರಕ್ಷಣೆಯಾಗುವುದಿಲ್ಲ. ಈ ಎರಡು ವಾಕ್ಯಗಳನ್ನು ಹೆಂಚು ಒಡೆಯುವ ಮೊದಲು ಹುಡುಗಿಯರಿಗೆ ಹೇಳಿಕೊಡಲು ಹತ್ತು ನಿಮಿಷ ಸಾಕು. ಮಕ್ಕಳ ಸಹಾಯವಾಣಿ 1098, ಮಹಿಳೆಯರದ್ದು 181 ಎಂಬುದನ್ನು ಬಾಯಿಪಾಠ ಮಾಡಿಸಲು ಇನ್ನೆರಡು ನಿಮಿಷ.

ನಿಮ್ಮ ಮಗಳನ್ನು ತರಗತಿಗೆ ಸೇರಿಸುವ ಮೊದಲು ಒಂದು ಸಂಜೆ ಹೋಗಿ ಬೆಂಚಿನ ಮೇಲೆ ಕೂತು ನೋಡಿ. ಹಿಡಿದವರು ನಿಜವಾಗಿ ಹಿಡಿಯುತ್ತಾರೆಯೇ, ತನಗಿಂತ ದಪ್ಪವಿರುವವರ ಜೊತೆಯೂ ಆಡಿಸುತ್ತಾರೆಯೇ, ನೋವಾದಾಗ ‘ಸಾಕು’ ಎಂದರೆ ತಕ್ಷಣ ನಿಲ್ಲಿಸುತ್ತಾರೆಯೇ ಎಂದು ಗಮನಿಸಿ. ‘ಬೇಡ’ ಎಂಬ ಮಾತಿಗೆ ಬೆಲೆಯಿಲ್ಲದ ತರಗತಿಯಲ್ಲಿ ‘ಬೇಡ’ ಎನ್ನುವುದನ್ನು ಕಲಿಯುವುದಾದರೂ ಹೇಗೆ? ‘ಪೋಷಕರು ಒಳಗೆ ಕೂರುವಂತಿಲ್ಲ’ ಎಂದರೆ ಚಪ್ಪಲಿ ಮೆಟ್ಟಿ ಹೊರಟುಬಿಡಿ.

ಇನ್ನು ನನ್ನಂಥ ಐವತ್ತು ದಾಟಿದವರ ಮಾತು. ನಮ್ಮನ್ನು ನೆಲಕ್ಕೆ ಕೆಡವಲು ಕಾದಿರುವವನು ಗಲ್ಲಿಯ ಪುಂಡನಿಗಿಂತ ಹೆಚ್ಚಾಗಿ ಬಚ್ಚಲುಮನೆಯ ಒದ್ದೆ ಟೈಲ್ಸು. ಜೂಡೋದಲ್ಲಿ ಎತ್ತಿಹಾಕುವುದಕ್ಕೆ ಮೊದಲು ಬೀಳುವುದನ್ನು ಕಲಿಸುತ್ತಾರೆ. ಗಲ್ಲ ಎದೆಗೆ ಒತ್ತಿ, ಬೆನ್ನು ಗುಂಡಗೆ ಮಾಡಿ, ಕೈಯನ್ನು ಊರದೆ ತೋಳು ಪೂರಾ ನೆಲಕ್ಕೆ ಬಡಿಯುವಂತೆ ಬೀಳುವುದು. ಬೀಳುವಾಗ ಅಂಗೈ ಊರುವುದರಿಂದಲೇ ನಮ್ಮ ವಯಸ್ಸಿನವರ ಮಣಿಕಟ್ಟು ಮುರಿಯುವುದು. ನಮ್ಮ ಊರಿನಲ್ಲಿ ಜೂಡೋ ಇಲ್ಲ. ಜಿಲ್ಲಾ ಕೇಂದ್ರದಲ್ಲಿ ಭಾನುವಾರ ಬೆಳಿಗ್ಗೆ ಏಳಕ್ಕೆ ಒಂದು ತರಗತಿ ನಡೆಯುತ್ತದೆ, ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿ. ಬೀಳುವುದನ್ನಷ್ಟೇ ಕಲಿಸುತ್ತೀರಾ ಎಂದು ಫೋನು ಮಾಡಿ ಕೇಳಿದೆ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬನ್ನಿ ಮೇಡಂ” ಎಂದರು. ನಮ್ಮ ಸ್ಟಾಫ್ ರೂಮಿನ ಇಬ್ಬರು ಬರುವುದಾಗಿ ಒಪ್ಪಿದ್ದಾರೆ. ಮೂರನೆಯವರು ಮೊಣಕಾಲನ್ನು ಕೇಳಿ ಹೇಳುತ್ತಾರಂತೆ.